ಕಡಲಾಮೆಗೆ ಟ್ಯಾಗ್: ಚಿಪ್ಪಿನಿಂದ ನಕ್ಷೆಯವರೆಗೆ

ಆಲಿವ್ ರಿಡ್ಲಿ ಕಡಲಾಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಪರಿಶಿಷ್ಟದಲ್ಲಿದೆ. ಅನುಮತಿ ಪತ್ರ ಕೈಗೆ ಬರದೆ ಅದನ್ನು ಮುಟ್ಟುವಂತಿಲ್ಲ. ಒಡಿಶಾದ ಋಷಿಕುಲ್ಯದಂಥ ದಡದಲ್ಲಿ, ಮೊಟ್ಟೆಯಿಟ್ಟು ಗುಂಡಿ ಮುಚ್ಚಿ ಕಡಲ ಕಡೆ ತಿರುಗಿದ ಮೇಲಷ್ಟೇ, ಅದರ ಓಡಾಟವನ್ನು ಉಪಗ್ರಹಕ್ಕೆ ತಿಳಿಸುವ ಟ್ಯಾಗ್ ಎಂಬ ಪುಟ್ಟ ಸಾಧನ ಅಂಟಿಸಲು, ತಾಯಿಯನ್ನು ತಳವಿಲ್ಲದ ಮರದ ಚೌಕಟ್ಟಿನಲ್ಲಿ ತಡೆಯುತ್ತೇವೆ. ಕಣ್ಣಿಗೆ ಒದ್ದೆ ಬಟ್ಟೆ. ಬೆಳಕು ಕೆಂಪು ದೀಪದ್ದು ಮಾತ್ರ.

ಚಿಪ್ಪಿಗೆ ಅಂಟಿ ಬೆಳೆಯುವ ಬಾರ್ನಕಲ್ ಎಂಬ ಪುಟ್ಟ ಕಡಲಜೀವಿಗಳನ್ನು ಕೆರೆದು, ಉಪ್ಪು ಕಾಗದದಿಂದ ತಿಕ್ಕಿ, ಅಸಿಟೋನಿನಲ್ಲಿ ಒರೆಸಿ, ಪೂರ್ತಿ ಒಣಗಿಸಬೇಕು. ಹನಿ ತೇವ ಉಳಿದರೂ ಅಂಟು ಕೆಲವೇ ವಾರಗಳಲ್ಲಿ ಏಳುತ್ತದೆ. ಉಸಿರಿಗೆ ಬಂದಾಗ ಮೊದಲು ನೀರಿನಿಂದ ಹೊರಬರುವ, ಬೆನ್ನಿನ ಅತಿ ಎತ್ತರದ ಭಾಗವೇ ಟ್ಯಾಗಿನ ಜಾಗ. ಎಪಾಕ್ಸಿ ಅಂಟನ್ನು ತೆಳು ಪದರಗಳಲ್ಲೇ ಹಚ್ಚಿ. ದಪ್ಪ ಹಚ್ಚಿದರೆ ಗಟ್ಟಿಯಾಗುವಾಗ ಹುಟ್ಟುವ ಬಿಸಿ ಚಿಪ್ಪಿನ ಕೆಳಗಿನ ಜೀವಂತ ಅಂಗಾಂಶಕ್ಕೆ ತಟ್ಟುತ್ತದೆ. ಮುಂಬದಿಗೆ ಇಳಿಜಾರು ಕೊಟ್ಟರೆ ಈಜುವಾಗ ನೀರಿನ ಎಳೆತ ಕಡಿಮೆ. ಪಾಚಿ, ಬಾರ್ನಕಲ್ ಹಿಡಿಯದಂತೆ ಬಳಿಯುವ ತಾಮ್ರದ ಬಣ್ಣ, ಟ್ಯಾಗ್ ನೀರಿನ ಒಳಗಿದೆಯೋ ಹೊರಗಿದೆಯೋ ಎಂದು ಗುರುತಿಸುವ ಉಪ್ಪುನೀರಿನ ಸ್ವಿಚ್ಚಿನ ಲೋಹದ ತುದಿಗಳಿಗೆ ತಾಗಲೇಬಾರದು. ತಾಗಿದರೆ ಟ್ಯಾಗ್ ಸದಾ ನೀರಿನಲ್ಲೇ ಇದ್ದೇನೆಂದು ತಿಳಿದು ಸಂಕೇತ ಕಳಿಸುವುದೇ ಇಲ್ಲ. ಅಂಟಿಸುವ ಕೆಲಸದಲ್ಲಿ ನನಗೆ ಅತಿ ಹೆಚ್ಚು ಆತಂಕ ಇದರದ್ದೇ.

ಆರ್ಗೋಸ್ ಎಂಬ ಉಪಗ್ರಹ ವ್ಯವಸ್ಥೆ ಸಂಕೇತದ ಆವರ್ತನದ ಏರಿಳಿತದಿಂದ ಸ್ಥಳ ಲೆಕ್ಕ ಹಾಕುತ್ತದೆ. ಪ್ರತಿ ಸ್ಥಳಬಿಂದುವಿಗೂ ನಿಖರತೆಯ ದರ್ಜೆ ಕೊಡುತ್ತದೆ. 3ನೇ ದರ್ಜೆಯ ಬಿಂದುವಿನ ತಪ್ಪು 250 ಮೀಟರ್ ಒಳಗೆ. 0 ದರ್ಜೆಯದು 1,500 ಮೀಟರ್ ಮೀರುತ್ತದೆ. ಎ, ಬಿ ದರ್ಜೆಗೆ ತಪ್ಪಿನ ನಿಗದಿತ ಮಿತಿಯೇ ಇಲ್ಲ. ಆಮೆ ನೀರಿನ ಮೇಲಿರುವುದು ಸ್ವಲ್ಪ ಹೊತ್ತಾದ್ದರಿಂದ ಬರುವ ಬಿಂದುಗಳಲ್ಲಿ ಹೆಚ್ಚಿನವು ಎ, ಬಿ. ಸ್ಥಳದ ಲೆಕ್ಕವೇ ವಿಫಲವಾದ ಝಡ್ ದರ್ಜೆಯವನ್ನು, ನೆಲದ ಮೇಲೆ ಬಿದ್ದವನ್ನು, ಗಂಟೆಗೆ 5 ಕಿ.ಮೀ. ಮೀರಿದ ವೇಗ ತೋರಿಸುವವನ್ನು ಮೊದಲು ತೆಗೆಯುತ್ತೇನೆ.

ಒಂದೇ ಎಚ್ಚರಿಕೆ: ಇದ್ದಕ್ಕಿದ್ದಂತೆ ಒಳ್ಳೆ ದರ್ಜೆಯ ಬಿಂದುಗಳು ಸಾಲಾಗಿ ಬಂದು, ಸ್ವಿಚ್ ಗಂಟೆಗಟ್ಟಲೆ ಒಣಗಿದ್ದರೆ ಹಿಗ್ಗಬೇಡಿ. ಆಮೆ ದೋಣಿಯ ಅಟ್ಟದ ಮೇಲಿರಬಹುದು, ಇಲ್ಲವೇ ಸತ್ತು ತೇಲುತ್ತಿರಬಹುದು, ದಡಕ್ಕೆ ಬಿದ್ದಿರಬಹುದು. ಅರಣ್ಯ ಇಲಾಖೆಗೆ ಆ ಕ್ಷಣವೇ ತಿಳಿಸಿ.

ಧಾಮ್ರಾ, ದೇವಿ, ಋಷಿಕುಲ್ಯ ನದೀಮುಖಗಳಲ್ಲಿ ನವೆಂಬರ್ 1ರಿಂದ ಮೇ 31ರವರೆಗೆ, ದಡದಿಂದ 20 ಕಿ.ಮೀ. ಒಳಗೆ ಮೀನುಗಾರಿಕೆ ನಿಷೇಧವಿದೆ. ಅಷ್ಟು ಅಗಲದ ಪಟ್ಟಿಗೆ ಒಂದೆರಡು ಕಿ.ಮೀ. ತಪ್ಪು ದೊಡ್ಡದಲ್ಲ. ಅದೇ ಪಟ್ಟಿಯನ್ನು 5 ಕಿ.ಮೀ.ಗೆ ಇಳಿಸುವ ಅಥವಾ ದೋಣಿಗೆ ದಾರಿ ಬಿಡುವ ಚರ್ಚೆಗೆ ಬಿ ದರ್ಜೆಯ ಬಿಂದು ಒಯ್ಯುವುದು ಅನ್ಯಾಯ, ಆಮೆಗೂ ಮೀನುಗಾರರಿಗೂ. ಅಲ್ಲಿಗೆ, ಆಮೆ ಮೇಲೆ ಬಂದ ಅಲ್ಪ ಹೊತ್ತಿನಲ್ಲೇ ಜಿಪಿಎಸ್ ಸಂಕೇತ ಹಿಡಿಯುವ ಫಾಸ್ಟ್‌ಲಾಕ್ ಟ್ಯಾಗೇ ಬೇಕು.

ಅಧಿಕಾರಿಗಳಿಗೆ ಕೊಡುವ ನಕ್ಷೆಯ ಮೇಲೆ ಆಮೆಗಳ ಸಂಖ್ಯೆ ಬರೆಯಿರಿ, ಬಿಂದುಗಳದ್ದಲ್ಲ. ಒಂದೇ ಆಮೆಯ ಸಾವಿರ ಬಿಂದು ಒಂದು ಆಮೆಯ ಮಾಹಿತಿ ಮಾತ್ರ. ದಡದಲ್ಲಿ ಸಿಗುವುದು ಹೆಣ್ಣುಗಳೇ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಗಂಡಿಗೆ ಟ್ಯಾಗ್ ಹಾಕಲು ಕಡಲಿಗೇ ಹೋಗಬೇಕು.