ಶೇಕರ್ ಕೈಗೆತ್ತಿಕೊಳ್ಳುವ ಮುನ್ನ: ಆಯ್ಕೆ, ನುಡಿಸಾಣಿಕೆ, ಮೈಕ್

ಒಳಗೆ ಕಾಳು ತುಂಬಿದ ತಾಳವಾದ್ಯ ಶೇಕರ್, ನೋಡಲು ಮಕ್ಕಳ ಗಿಲಕಿಯ ಹಾಗಿರುತ್ತದೆ. ಅದಕ್ಕೇ ತಂಡದಲ್ಲಿ ಯಾರ ಕೈ ಖಾಲಿ ಇದೆಯೋ ಅವರಿಗೆ ಅದನ್ನು ಕೊಟ್ಟುಬಿಡುತ್ತಾರೆ. ಹಾಡಿನ ಲಯ ಜಾರತೊಡಗುವುದು ಬಹುತೇಕ ಅಲ್ಲಿಂದಲೇ. ಡ್ರಮ್ಮಿಗೆ ಕಡ್ಡಿ ತಾಗಿದ ಕ್ಷಣವೇ ಸದ್ದು ಬರುತ್ತದೆ. ಶೇಕರಿನಲ್ಲಿ ಕೈ ಹೊರಟರೂ ಒಳಗಿನ ಕಾಳು ಹಿಂದೆಯೇ ಉಳಿದಿರುತ್ತದೆ. ಕೈ ನಿಂತ ಮೇಲೆ ಅದು ಮುಂದಕ್ಕೆ ಹಾರಿ ಎದುರು ಗೋಡೆಗೆ ಬಡಿಯುತ್ತದೆ. ಕೈ ಹೊರಡುವುದಕ್ಕೂ ಕಾಳು ಬಡಿಯುವುದಕ್ಕೂ ನಡುವಿನ ಈ ಅಂತರ ಗೊತ್ತಿದ್ದರೆ ಯಾವುದನ್ನು ಕೊಳ್ಳಬೇಕು, ಹೇಗೆ ನುಡಿಸಬೇಕು, ರೆಕಾರ್ಡಿಂಗಿನಲ್ಲಿ ಎಲ್ಲಿ ಎಡವುತ್ತೇವೆ ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಆರಿಸುವಾಗ

ಮೊದಲು ಶೇಕರನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಓರೆ ಮಾಡಿ. ಕಾಳು ಈ ತುದಿಯಿಂದ ಆ ತುದಿಗೆ ಜಾರುವ ಸದ್ದು ಕೇಳುತ್ತದೆ. ಆಮೇಲೆ ಒಂದೇ ಒಂದು ಸಲ ಚುಟುಕಾಗಿ ಮುಂದಕ್ಕೆ ಒಗೆದು ನಿಲ್ಲಿಸಿ. ‘ಚಕ್’ ಎಂದು ಒಟ್ಟಾಗಿ ಬಡಿದರೆ ಅದು ವೇಗದ ಹಾಡಿಗೆ ಆಗುತ್ತದೆ. ‘ಶ್ಶ್ಶ’ ಎಂದು ಹರಡಿಕೊಂಡರೆ ನಿಧಾನದ ಹಾಡಿಗೆ ಮೆತ್ತನೆಯ ಹಾಸು ಸಿಗುತ್ತದೆ.

ಮೊಟ್ಟೆಯಾಕಾರದ ಪ್ಲಾಸ್ಟಿಕ್ ಶೇಕರಿನಲ್ಲಿ ಕಾಳು ಸಾಗುವ ದಾರಿ ಚಿಕ್ಕದು. ಸದ್ದು ಒಣ, ಗಿಡ್ಡ, ಮೆಲು. ತಪ್ಪು ಮಾಡಲು ಜಾಗವೂ ಕಡಿಮೆ. ಕಲಿಯುವವರು ಇದರಿಂದಲೇ ಶುರು ಮಾಡಬೇಕು. ಕೊಳವೆಯಾಕಾರದ್ದರಲ್ಲಿ ದಾರಿ ಉದ್ದ, ಹಾಗಾಗಿ ತಡವೂ ಹೆಚ್ಚು, ಆದರೆ ಮುಂದಿನ ಪೆಟ್ಟಿಗೂ (ಕೈ ಮುಂದಕ್ಕೆ ಹೋದಾಗಿನದು) ಹಿಂದಿನ ಪೆಟ್ಟಿಗೂ (ಹಿಂದಕ್ಕೆ ಬಂದಾಗಿನದು) ಬಣ್ಣ ಬೇರೆಬೇರೆ ತರಬಹುದು. ಲೋಹದ ಕೊಳವೆಯೊಳಗೆ ಉಕ್ಕಿನ ಗುಂಡುಗಳಿದ್ದರೆ ಸದ್ದು ಚೂಪು, ಜೋರು. ಬ್ರೆಜಿಲ್‌ನ ‘ಗಂಜಾ’ (ganzá) ಎಂಬ ಶೇಕರ್ ಈ ಜಾತಿಯದು. ಬೆತ್ತದಂಥ ನೇಯ್ಗೆಯ ಪುಟ್ಟ ಬುಟ್ಟಿಯಂಥ ಶೇಕರ್ ‘ಕಶಿಶಿ’ಯ ತಳಕ್ಕೆ ಸೋರೆಬುರುಡೆಯ ಬಿಲ್ಲೆ ಇರುತ್ತದೆ. ಬೀಜ ಆ ಬಿಲ್ಲೆಗೆ ಬಡಿದರೆ ಗಟ್ಟಿ ಸದ್ದು, ನೇಯ್ಗೆಗೆ ಬಡಿದರೆ ಮೃದು ಸದ್ದು. ಒಂದೇ ಕೈಯಲ್ಲಿ ಎರಡು ಸ್ವಭಾವ.

ಕಬಾಸಾದ್ದು ಬೇರೆಯೇ ಲೆಕ್ಕ. ಗೀರುಗೀರಾದ ಲೋಹದ ಉರುಳೆಯ ಮೇಲೆ ಉಕ್ಕಿನ ಮಣಿಸರ ಸುತ್ತಿರುತ್ತಾರೆ. ಒಂದು ಅಂಗೈಯಿಂದ ಮಣಿಗಳನ್ನು ಒತ್ತಿ ಹಿಡಿದು ಇನ್ನೊಂದು ಕೈಯಿಂದ ಹಿಡಿಯನ್ನು ತಿರುಗಿಸಿದ ತಕ್ಷಣ ಸದ್ದು ಬರುತ್ತದೆ, ಕಾಳಿಗಾಗಿ ಕಾಯುವ ಮಾತೇ ಇಲ್ಲ. ಬಿಗಿ ಲಯ ಬೇಕು, ಶೇಕರ್ ಕೈಗೆ ಇನ್ನೂ ಕೂತಿಲ್ಲ ಅನ್ನುವವರಿಗೆ ಇದು ಒಳ್ಳೆಯ ದಾರಿ.

ಡಬ್ಬಿಯಲ್ಲಿ ನೀವೇ ಮಾಡಿಕೊಳ್ಳುವುದಾದರೆ ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಹೆಚ್ಚು ತುಂಬಿದರೆ ಹೆಚ್ಚು ಸದ್ದು ಎಂದುಕೊಂಡು ಎಲ್ಲರೂ ಎಡವುವುದು ಇಲ್ಲೇ. ಹಾರಲು ಜಾಗವಿಲ್ಲದ ಕಾಳು ಗುಡ್ಡೆಯಾಗಿ ಉರುಳುತ್ತದೆ, ಬಡಿಯುವುದಿಲ್ಲ. ಅಕ್ಕಿ ಹಾಕಿದರೆ ಮೆತ್ತನೆ, ಸಣ್ಣ ಉಕ್ಕಿನ ಗುಂಡು ಹಾಕಿದರೆ ಚೂಪು.

ಟ್ಯಾಂಬೊರಿನ್ (ಅಂಚಿನ ಸುತ್ತ ಲೋಹದ ಬಿಲ್ಲೆಗಳಿರುವ ಬಳೆಯಾಕಾರದ ವಾದ್ಯ) ಆರಿಸುವಾಗ ಬಿಲ್ಲೆಯ ಲೋಹ ನೋಡಿ. ಉಕ್ಕು, ನಿಕಲ್ ಬೆರಕೆಯವು ಹೊಳೆಹೊಳೆದು ಮುಂದೆ ಬರುತ್ತವೆ. ಕಂಚು, ತಾಮ್ರದವು ಗಾಢವಾಗಿ, ಒಣಗಿದಂತೆ ಕೇಳುತ್ತವೆ. ಎರಡು ಸಾಲು ಬಿಲ್ಲೆ ವೇದಿಕೆಗೆ ಸರಿ, ರೆಕಾರ್ಡಿಂಗಿಗೆ ಒಂದು ಸಾಲೇ ಸಾಕು. ಅಂಗಡಿಯಲ್ಲಿ ಒಂಟಿಯಾಗಿ ಕೇಳಿ ಮರುಳಾಗಬೇಡಿ. ಒಂದು ಕಿವಿಗೆ ಇಯರ್‌ಫೋನ್ ಹಾಕಿ ನಿಮ್ಮ ಹಾಡನ್ನೇ ಕೇಳುತ್ತ ಅಲುಗಾಡಿಸಿ ನೋಡಿ. ಮೊಟ್ಟೆ ಒಂದು, ಬೀಜದ ಮೆತ್ತನೆಯದೊಂದು, ಲೋಹದ ಜೋರಿನದೊಂದು, ಜೊತೆಗೊಂದು ಟ್ಯಾಂಬೊರಿನ್ ಇದ್ದರೆ ನೂರಕ್ಕೆ ತೊಂಬತ್ತು ಹಾಡು ಮುಗಿಯುತ್ತವೆ.

ಕೈ ಪಳಗಿಸುವುದು

ಶೇಕರನ್ನು ಎದೆಯ ಮಟ್ಟದಲ್ಲಿ, ನೆಲಕ್ಕೆ ಸಮವಾಗಿ ಹಿಡಿಯಿರಿ. ತುದಿ ಕೆಳಗೆ ಬಾಗಿದರೆ ಕಾಳು ಒಂದು ಕಡೆಗೇ ಜಾರಿ, ಹಿಂದಿನ ಪೆಟ್ಟು ಸತ್ತುಹೋಗುತ್ತದೆ. ಮುಚ್ಚಿದ ಬಾಗಿಲನ್ನು ಬೆರಳಗಂಟಿನಿಂದ ತಟ್ಟುವಂತೆ ಮುಂದಕ್ಕೆ ಹೋಗಿ ಥಟ್ಟನೆ ನಿಲ್ಲಿಸಿ, ಅದೇ ರೀತಿ ಹಿಂದಕ್ಕೆ ಬಂದು ನಿಲ್ಲಿಸಿ. ಚಲನೆ ಮೊಣಕೈಯಿಂದ, ನಿಲುಗಡೆ ಮಣಿಕಟ್ಟಿನಿಂದ. ದುಂಡಗೆ ತಿರುಗಿಸಿದರೆ ಕಾಳು ಎಲ್ಲೂ ನಿಲ್ಲದೆ ಗೋಡೆಗುಂಟ ಸುತ್ತುತ್ತದೆ. ಕೇಳುವುದು ಬರೀ ಗೊರಗೊರ.

ಮೆಟ್ರೊನೋಮನ್ನು (ಟಿಕ್ ಟಿಕ್ ಎಂದು ತಾಳ ಹಾಕುವ ಯಂತ್ರ) ನಿಮಿಷಕ್ಕೆ 70 ಟಿಕ್‌ಗೆ ಇಟ್ಟು ಬಾಯಲ್ಲಿ ತ-ಕ-ಧಿ-ಮಿ ಹೇಳಿಕೊಳ್ಳಿ: ತ ಮುಂದೆ, ಕ ಹಿಂದೆ, ಧಿ ಮುಂದೆ, ಮಿ ಹಿಂದೆ. ಒತ್ತು ‘ತ’ದ ಮೇಲೆ. ಒತ್ತು ಕೊಡಲು ಸ್ನಾಯು ಬಿಗಿಹಿಡಿಯಬೇಡಿ, ಆ ಪೆಟ್ಟಿಗೆ ಕೈ ಸಾಗುವ ದೂರ ಸ್ವಲ್ಪ ಹೆಚ್ಚಿಸಿ. ದೂರ ಹೆಚ್ಚಾದರೆ ಸಮಯವೂ ಹೆಚ್ಚು ಬೇಕು, ಆದ್ದರಿಂದ ಕೈ ಅಷ್ಟು ಬೇಗ ಹೊರಡಬೇಕು. ಮೆಟ್ರೊನೋಮಿನ ‘ಟಿಕ್’ ಕೇಳಿದ ಮೇಲೆ ಹೊರಟ ಕೈ ತಡವಾಗಿಯೇ ಮುಟ್ಟುತ್ತದೆ. ಟಿಕ್ ಮೇಲೆ ಬೀಳಬೇಕಾದ್ದು ಕಾಳು.

ಹೊಸಬರ ಕೈಯಲ್ಲಿ ಹಿಂದಿನ ಪೆಟ್ಟು ಕುಂಟುತ್ತದೆ. ಲಯ ‘ತ-ಕ-ಧಿ-ಮಿ’ ಆಗುವ ಬದಲು ‘ತಕ್–ಧಿಮ್–’ ಆಗುತ್ತದೆ. ಇದಕ್ಕೆ ಮದ್ದು, ದಿನಕ್ಕೆ ಐದು ನಿಮಿಷ ಉಲ್ಟಾ ನುಡಿಸುವುದು: ಒತ್ತನ್ನು ಬೇಕೆಂದೇ ‘ಕ’ ಮತ್ತು ‘ಮಿ’ ಮೇಲೆ ಹಾಕಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಕುಂಟು ಕೂಡಲೇ ಗೊತ್ತಾಗುತ್ತದೆ. ನುಡಿಸುವಾಗ ಅದು ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ತಿಶ್ರ ನಡೆಯಲ್ಲಿ (ಮಾತ್ರೆಗೆ ಮೂರು ಪೆಟ್ಟು) ‘ತ-ಕಿ-ಟ’ ನುಡಿಸುವಾಗ ಮೊದಲ ‘ತ’ ಮುಂದೆ ಬಂದರೆ ಮುಂದಿನ ‘ತ’ ಹಿಂದಿನ ಪೆಟ್ಟಿಗೆ ಬೀಳುತ್ತದೆ. ಆಗ ಈ ಅಭ್ಯಾಸ ಕೈ ಹಿಡಿಯುತ್ತದೆ.

120ರ ವೇಗದಲ್ಲಿ ಚತುರಶ್ರ ನಡೆ (ಮಾತ್ರೆಗೆ ನಾಲ್ಕು ಪೆಟ್ಟು) ಎಂದರೆ ಸೆಕೆಂಡಿಗೆ 8 ಪೆಟ್ಟು. ಅಲ್ಲಿ ಉದ್ದ ಕೊಳವೆ ಬಿಟ್ಟು ಮೊಟ್ಟೆ ಹಿಡಿಯಿರಿ, ಕೈಯ ಓಡಾಟ ಐದು ಸೆಂಟಿಮೀಟರಿಗೆ ಇಳಿಸಿ. ಮೂರನೇ ನಿಮಿಷಕ್ಕೆ ಮುಂಗೈ ಕಲ್ಲಾಗುತ್ತಿದ್ದರೆ ಹಿಡಿತ ಅತಿ ಬಿಗಿ ಎಂದರ್ಥ. ಕಿರುಬೆರಳು ಸಡಿಲಿಸಿ, ಪಾದದಲ್ಲಿ ಮಾತ್ರೆ ತುಳಿಯುತ್ತಿರಿ.

ಟ್ಯಾಂಬೊರಿನನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿಯಿರಿ. ಪೂರ್ತಿ ಅಡ್ಡ ಹಿಡಿದರೆ ಬಿಲ್ಲೆಗಳು ಒಂದರ ಮೇಲೊಂದು ಕೂತು ಸದ್ದು ಮುದುಡುತ್ತದೆ, ನೆಟ್ಟಗೆ ಹಿಡಿದರೆ ಬೇಡದಾಗಲೂ ಗಲಗಲ. ಹಿಡಿದ ಕೈ ಮಾತ್ರೆಗೆ ತಕ್ಕಂತೆ ಅಲುಗಿಸುತ್ತಿರಲಿ, ಇನ್ನೊಂದು ಅಂಗೈಯ ಬುಡ 2 ಮತ್ತು 4ನೇ ಮಾತ್ರೆಗೆ ಬಡಿಯಲಿ. ಹಾಡು ಥಟ್ಟನೆ ನಿಲ್ಲುವ ಕಡೆ ಅದನ್ನು ತೊಡೆಗೆ ಒತ್ತಿಬಿಡಿ, ಇಲ್ಲವಾದರೆ ಆ ಮೌನದಲ್ಲಿ ಬಿಲ್ಲೆಗಳದೇ ಕಾರುಬಾರು.

ವೇದಿಕೆಯ ಮೇಲೆ

ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ಸಿಂಬಲ್) ನುಡಿಸುತ್ತಿರುವ ಪೆಟ್ಟುಗಳನ್ನೇ ಶೇಕರ್ ಕೂಡ ನುಡಿಸಿದರೆ ಎರಡೂ ಕೆಡುತ್ತವೆ. ಡ್ರಮ್ಮಿನವರ ಜೊತೆ ಮೊದಲೇ ಮಾತಾಡಿಕೊಳ್ಳಿ: ಅವರು ಮಾತ್ರೆಗೆ ಎರಡು ಪೆಟ್ಟು ಹಾಕಿದರೆ ನೀವು ನಾಲ್ಕು, ಅವರು ನಾಲ್ಕು ಹಾಕಿದರೆ ನೀವು ಕಡಿಮೆ ಮಾಡಿ, ಅಥವಾ ಸುಮ್ಮನಿರಿ. ಸಿಂಬಲ್ ಹೊಡೆಯುವ ಪಲ್ಲವಿಯಲ್ಲಿ ಬೀಜದ ಶೇಕರ್ ಕೇಳುವುದಿಲ್ಲ. ಮೈಕ್ ಏರಿಸುವ ಬದಲು ಲೋಹದ್ದಕ್ಕೆ ಬದಲಾಯಿಸಿ. ಮೈಕ್ ಏರಿಸಿದರೆ ಮೊದಲು ಒಳಬರುವುದು ಸಿಂಬಲ್ಲೇ, ಆಮೇಲೆ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಕಿರುಚಾಟ.

ಕಾರ್ಡಿಯಾಯ್ಡ್ ಮೈಕಿಗೆ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವಂಥದು) 10ರಿಂದ 20 ಸೆಂಟಿಮೀಟರ್ ದೂರ ಇರಲಿ, ಮಾನಿಟರ್ (ನುಡಿಸುವವರಿಗೆ ಕೇಳಿಸಲು ಇಡುವ ಸ್ಪೀಕರ್) ಮೈಕಿನ ಬೆನ್ನ ಹಿಂದೆ ಇರಲಿ. ಗಾಯಕರು ಹಾಡುವ ಮೈಕಿನ ಮುಂದೆಯೇ ಶೇಕರ್ ಹಿಡಿದರೆ ದನಿಗೆ ಹಾಕಿದ ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವ ಸಾಧನ), ರಿವರ್ಬ್ (ಅನುರಣನ) ಎರಡೂ ಅದಕ್ಕೂ ತಗಲುತ್ತವೆ. ಸೊಂಟದ ಮಟ್ಟಕ್ಕೆ ಇಳಿಸಿಕೊಳ್ಳಲಿ. ವಾದ್ಯ ಇಡುವ ಮೇಜಿಗೆ ದಪ್ಪ ಟವೆಲ್ ಹಾಸಿ. ಮೆಲುದನಿಯ ಚರಣದಲ್ಲಿ ಟ್ಯಾಂಬೊರಿನ್ ಕೆಳಗಿಟ್ಟ ಸದ್ದು ಕೊನೆಯ ಸಾಲಿಗೂ ಕೇಳುತ್ತದೆ.

ರೆಕಾರ್ಡಿಂಗ್

ಗಡಿಯಾರ, ಬಳೆ, ಸರಸರ ಎನ್ನುವ ಜಾಕೆಟ್ ತೆಗೆದಿಡಿ. ಸಣ್ಣ ಡಯಾಫ್ರಮ್ಮಿನ ಕಂಡೆನ್ಸರ್ ಮೈಕನ್ನು 40ರಿಂದ 60 ಸೆಂಟಿಮೀಟರ್ ದೂರದಲ್ಲಿ, ಶೇಕರ್ ಓಡಾಡುವ ಗೆರೆಗೆ ಅಡ್ಡವಾಗಿ ಇಡಿ. ನೇರ ಮೈಕಿನ ಕಡೆಗೇ ಒಗೆದರೆ ಮುಂದಿನ ಪೆಟ್ಟು ಜೋರಾಗಿ, ಹಿಂದಿನದು ಮಂಕಾಗಿ ದಾಖಲಾಗುತ್ತದೆ. ಟ್ಯಾಂಬೊರಿನಿಗೆ ಒಂದು ಮೀಟರಿಗಿಂತ ಹತ್ತಿರ ಬೇಡ. ಹೆಡ್‌ಫೋನಿನಲ್ಲಿ ಕೇಳುವ ಮೆಟ್ರೊನೋಮಿನ ಕ್ಲಿಕ್ ಮೈಕಿಗೆ ಸೋರುವುದು ಮೆಲು ಶೇಕರಿನಲ್ಲಿ ದೊಡ್ಡ ತಲೆನೋವು; ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ, ಕ್ಲಿಕ್ ತಗ್ಗಿಸಿ, ಡ್ರಮ್ ಟ್ರ್ಯಾಕ್ ಕೇಳುತ್ತ ನುಡಿಸಿ.

ಮಟ್ಟವನ್ನು ಪೀಕ್ ಮೀಟರಿನಲ್ಲೇ ನೋಡಿ, -12 ಡಿಬಿ ಆಸುಪಾಸಿನಲ್ಲಿರಲಿ. ಮುಳ್ಳಿನ ಮೀಟರ್ ನಿಧಾನದ್ದು, ಈ ಚುಟುಕು ಪೆಟ್ಟು ಅದಕ್ಕೆ ಸಿಗುವುದಿಲ್ಲ. ಮುಳ್ಳು ಏಳಲೇ ಇಲ್ಲ ಎನ್ನುವಷ್ಟರಲ್ಲಿ ಸದ್ದು ಒಡೆದಿರುತ್ತದೆ. ಎರಡು ಆವರ್ತ ನುಡಿಸಿ ಹಾಡಿಡೀ ಅಂಟಿಸಿದರೆ ಯಂತ್ರದಂತೆ ಕೇಳುತ್ತದೆ. ಇಡೀ ಹಾಡು ಎರಡು ಸಲ ನುಡಿಸಿ, ಒಳ್ಳೆಯ ಭಾಗಗಳನ್ನು ಜೋಡಿಸಿಕೊಳ್ಳಿ.

ಎಡಿಟಿಂಗಿನಲ್ಲಿ ಅತಿ ಹೆಚ್ಚು ಕೆಡುವುದು ಆಟೊ-ಕ್ವಾಂಟೈಸ್‌ನಿಂದ, ಅಂದರೆ ಸಾಫ್ಟ್‌ವೇರ್ ತಾನಾಗಿ ಪೆಟ್ಟುಗಳನ್ನು ತಾಳದ ಗೆರೆಗೆ ಎಳೆದು ಕೂರಿಸುವುದರಿಂದ. ಅಲೆಯನ್ನು ಹಿಗ್ಗಿಸಿ ನೋಡಿ: ಮೊದಲು ಕಾಳು ಜಾರುವ ಸಣ್ಣ ಉಬ್ಬು, ಆಮೇಲೆ ಬಡಿಯುವ ಶಿಖರ. ಸಾಫ್ಟ್‌ವೇರ್ ಆ ಉಬ್ಬಿನ ಶುರುವನ್ನೇ ಪೆಟ್ಟು ಎಂದುಕೊಂಡು ಗೆರೆಗೆ ತಂದು ನಿಲ್ಲಿಸಿದರೆ ಶಿಖರ ತಡವಾಗುತ್ತದೆ. 120ರ ವೇಗದಲ್ಲಿ ಒಂದು ಪೆಟ್ಟಿಗೆ ಸಿಗುವುದು 125 ಮಿಲಿಸೆಕೆಂಡ್. ಅದರಲ್ಲಿ 30 ತಪ್ಪಿದರೆ ಕಾಲು ಭಾಗವೇ ಹೋಯಿತು. ಕಣ್ಣಿಗೆ ಎಲ್ಲ ಸಾಲಾಗಿ ಕಂಡರೂ ಕಿವಿಗೆ ಎಳೆದಂತೆ. ಶಿಖರಗಳನ್ನು ಕೈಯಾರೆ ಗೆರೆಗೆ ತನ್ನಿ, ಇಲ್ಲವೇ ಇಡೀ ಟ್ರ್ಯಾಕನ್ನು ಸ್ವಲ್ಪ ಬೇಗ ಕೇಳುವಂತೆ ಎಡಕ್ಕೆ ಸರಿಸಿ ಹಾಗೇ ಬಿಡಿ.

300 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿದರೆ ನಷ್ಟವಿಲ್ಲ. ಮರದ ಒಡಲಿನ ಶೇಕರಾದರೆ 150ಕ್ಕೆ ನಿಲ್ಲಿಸಿ. ಕಂಪ್ರೆಸರ್ ಚುರುಕಾಗಿ ಕಚ್ಚುವಂತೆ ಇಟ್ಟರೆ ಶಿಖರ ತಗ್ಗಿ ಜಾರುವ ಗೊರಗೊರ ಮೇಲೇಳುತ್ತದೆ, ಕಷ್ಟಪಟ್ಟು ಕಲಿತ ಒತ್ತು ಮಾಯ. ಹೈ-ಹ್ಯಾಟ್ ಕೇಳುವ ಪಕ್ಕದ ಎದುರು ಪಕ್ಕಕ್ಕೆ, ಎಡಕ್ಕೋ ಬಲಕ್ಕೋ, ಶೇಕರನ್ನು ಸರಿಸಿ (ಪ್ಯಾನ್ ಮಾಡಿ). ಮಟ್ಟವನ್ನು, ಮ್ಯೂಟ್ ಮಾಡಿದಾಗ ಏನೋ ಕಡಿಮೆಯಾಯಿತು ಅನ್ನಿಸುವಷ್ಟಕ್ಕೆ ಇಡಿ. ಹಾಡು ಕೇಳುತ್ತಿದ್ದಾಗ ಅದೇ ಮೊದಲು ಕಿವಿಗೆ ಬಿದ್ದರೆ ಜಾಸ್ತಿಯಾಗಿದೆ. ಕೊನೆಗೆ ಕಡಿಮೆ ಬಿಟ್‌ರೇಟಿನ ಎಂಪಿ3 ಮಾಡಿ ಫೋನಿನಲ್ಲಿ ಕೇಳಿ. ನೊರೆಯಂತೆ ಕಲಕಿದ ಸದ್ದು ಬಂದರೆ 8 ಕಿಲೋಹರ್ಟ್ಸ್ ಮೇಲಿನ ಭಾಗವನ್ನು ಒಂದೆರಡು ಡಿಬಿ ಇಳಿಸಿ ಮತ್ತೊಮ್ಮೆ ಕೇಳಿ.