ಅಮೆರಿಕದ ಕಂಪನಿ ಫೋನು, ಸಿಂಧನೂರಿನ ಸಿಮ್ಮು: ನಾನು ಕಸ ತೆಗೆಯೋದು ಹೀಗೆ

ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವರಿಗೆ ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪಿನ್ನೇ ದಿನದ ಅನ್ನ. ಆದರೆ ಬೇಸಿಗೆ ರಜೆ ಮುಗಿದಾಗ, ಮತ್ತೆ ಡಿಸೆಂಬರ್ ಕೊನೆ ದಾಟಿದಾಗ ಬೇರೆ ಥರದ ಕೆಲಸ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಇಲ್ಲಿನವರು ಭತ್ತ ಬೆಳೆದರು, ರೈಸ್ ಮಿಲ್ ಕಟ್ಟಿದರು, ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದರು. ಆ ಮಕ್ಕಳು ಈಗ ಡಲ್ಲಾಸ್, ನ್ಯೂಜೆರ್ಸಿ ಅಂತ ಇದ್ದಾರೆ. ಊರಿಗೆ ಬಂದಾಗ ತಮ್ಮ ಹಳೇ ಫೋನನ್ನು ಅಪ್ಪನಿಗೋ ಅಮ್ಮನಿಗೋ ಕೊಟ್ಟು ಹೋಗುತ್ತಾರೆ. ಅವರು ವಿಮಾನ ಹತ್ತಿದ ಸ್ವಲ್ಪ ದಿನಕ್ಕೆ ಆ ಫೋನು ನನ್ನ ಟೇಬಲ್ ಮೇಲಿರುತ್ತದೆ, ಒಳಗೆ ತುಂಬಿರೋ ಬೇಡದ ಆಪ್‌ಗಳ ಕಸ ತೆಗೆಯೋದಕ್ಕೆ.

ಫೋನು ಒಳ್ಳೇದೇ. ತೊಂದರೆ ಇರೋದು ಅದನ್ನು ಕೊಂಡ ರೀತಿಯಲ್ಲಿ. ನಾವು ಅಂಗಡಿಯಲ್ಲಿ ಫೋನು ತಗೊಂಡು, ಸಿಮ್ ಬೇರೆ ಹಾಕ್ತೀವಿ. ಅಮೆರಿಕದಲ್ಲಿ ಬಹಳ ಜನ ನೆಟ್‌ವರ್ಕ್ ಕಂಪನಿಯಿಂದಲೇ ಫೋನು ತಗೊಂಡು, ತಿಂಗಳ ಬಿಲ್ಲಿನ ಜೊತೆಗೇ 24 ಅಥವಾ 36 ತಿಂಗಳು ಕಂತು ಕಟ್ಟುತ್ತಾರೆ. ಹಾಗಾಗಿ ಕಂಪನಿ ಆ ಫೋನನ್ನು ತನ್ನದೇ ಅಂದುಕೊಂಡಿರುತ್ತದೆ. ಆನ್ ಮಾಡಿದರೆ ಮೊದಲು ಅದರ ಲೋಗೋ. ಒಳಗೆ ಅದರ ಆಪ್‌ಗಳು. ಮೇಲೆ ಅದರ ಸಿಮ್ ಲಾಕ್, ಅಂದರೆ ಬೇರೆ ಕಂಪನಿಯ ಸಿಮ್ ನಡೆಯದ ಹಾಗೆ ಹಾಕಿದ ಬೀಗ. 2012ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 2 ಬಂದಾಗ ಅಲ್ಲಿನ ನೆಟ್‌ವರ್ಕ್ ಕಂಪನಿ ವೆರೈಝನ್ ತನ್ನ ಹೆಸರನ್ನು ಹೋಮ್ ಬಟನ್ ಮೇಲೇ ಅಚ್ಚು ಹಾಕಿಸಿತ್ತು. ಅದನ್ನು ಯಾವ ಸಾಫ್ಟ್‌ವೇರ್‌ನಿಂದ ತೆಗೀತೀರಿ? ಐಫೋನ್ ಮಾತ್ರ 2007ರಿಂದಲೂ ಇದಕ್ಕೆ ಬಗ್ಗಲಿಲ್ಲ. ಲಾಕ್ ಇರುತ್ತದೆ, ಆದರೆ ಲೋಗೋ ಇಲ್ಲ, ಕಂಪನಿ ಆಪ್ ಇಲ್ಲ.

ನಮ್ಮ ಕಡೆ ಸ್ವಲ್ಪ ವಯಸ್ಸಾದವರಿಗೆ ಇದು ಹೊಸದೇನಲ್ಲ. 2003ರ ಮಳೆಗಾಲದಲ್ಲಿ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಫೋನು ಕೊಟ್ಟಿತ್ತಲ್ಲ, ಅದರಲ್ಲಿ ಸಿಮ್ಮೇ ಇರಲಿಲ್ಲ. ನಂಬರ್ ಫೋನಿನೊಳಗೇ ಕೂತಿರುತ್ತಿತ್ತು. ಬೇರೆ ಕಂಪನಿಗೆ ಹೋಗಬೇಕಂದ್ರೆ ಫೋನನ್ನೇ ಬಿಡಬೇಕಿತ್ತು.

ಈಗ ಒಂದು ಫೋನಿನ ಕಥೆ ಹೇಳ್ತೀನಿ. ನಿವೃತ್ತ ಮಾಸ್ತರೊಬ್ಬರು ತಂದಿದ್ದರು. ಮಗಳು ಬಿಟ್ಟುಹೋದ ಸ್ಯಾಮ್‌ಸಂಗ್ ಗ್ಯಾಲಕ್ಸಿ. ಅಮೆರಿಕದ ಒಂದು ದೊಡ್ಡ ಕಂಪನಿಯದು, ಹೆಸರು ಬೇಡ. "ತಮ್ಮಾ, ನಾ ಏನೂ ಹಾಕಿಲ್ಲ, ಆದ್ರೂ ದಿನಾ ಒಂದು ಆಟ ಬಂದು ಕುಂದರತೈತಿ ನೋಡು. ಇಸ್ಪೀಟಿನ ಆಟ ಬ್ಯಾರೆ! ಮನ್ಯಾಗ ನಂದೇ ತಪ್ಪು ಅಂತಾರ" ಅಂದರು. ಅಳಿಸಿದರೆ ಸ್ವಲ್ಪ ದಿನಕ್ಕೆ ಇನ್ನೊಂದು ಬರುತ್ತಿತ್ತಂತೆ.

ಇಂಥ ಫೋನು ಬಂದಾಗ ನಾನು ಮೊದಲು ನೋಡೋದು ಸಿಮ್ ಲಾಕ್. ಆಪ್, ಲೋಗೋ ಎಲ್ಲ ಆಮೇಲೆ. ಜನ ಮೂರನ್ನೂ ಒಂದೇ ಅಂದುಕೊಂಡು ಬರುತ್ತಾರೆ. ಆಪ್ ಎಲ್ಲ ತೆಗೆದು ಕೊಟ್ಟರೆ ಸಿಮ್ ನಡೀಬೇಕು ಅಂತ ಅವರ ಲೆಕ್ಕ. ಹಾಗಾಗೋದಿಲ್ಲ. ಲಾಕ್ ಇರೋದು ಕಂಪನಿಯ ಲೆಕ್ಕದ ಪುಸ್ತಕದಲ್ಲಿ. ಅದನ್ನು ತೆಗೆಸಬೇಕಾದವರು ಫೋನು ಕೊಂಡವರೇ, ಅಂದರೆ ಅಮೆರಿಕದಲ್ಲಿರುವ ಮಗ ಅಥವಾ ಮಗಳು. ಸಾಮಾನ್ಯವಾಗಿ ಕಂತು ಪೂರ್ತಿ ತೀರಿರಬೇಕು. ಅದರ ಮೇಲೆ ಇಂತಿಷ್ಟು ದಿನ ಫೋನು ಅವರ ನೆಟ್‌ವರ್ಕ್‌ನಲ್ಲಿ ಓಡಿರಬೇಕು ಅಂತ ಒಂದೊಂದು ಕಂಪನಿಗೆ ಒಂದೊಂದು ನಿಯಮ. ಗ್ರಾಹಕರು ತಮ್ಮ ಫೋನಿನ ಲಾಕ್ ತೆಗೆಸಿಕೊಳ್ಳೋದು ತಪ್ಪಲ್ಲ ಅಂತ 2014ರಲ್ಲಿ ಅಲ್ಲಿ ಕಾನೂನೇ ಆಗಿದೆ. ವಾಟ್ಸಾಪ್‌ನಲ್ಲಿ ಕೋಡ್ ಮಾರುವವರಿಗೆ ದುಡ್ಡು ಹಾಕೋ ಬದಲು ಒಂದು ಫೋನ್ ಮಾಡಿ ಮಗಳಿಗೆ ಹೇಳಿ ಅಂತೀನಿ. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಕ್ಯಾರಿಯರ್ (ನೆಟ್‌ವರ್ಕ್ ಕಂಪನಿ) ಲಾಕ್ ಅನ್ನೋ ಸಾಲು ನೋಡಿದರೆ ಸಾಕು, ಸಿಮ್ ಕೂಡ ಹಾಕಬೇಕಿಲ್ಲ.

ಲಾಕ್ ಮೊದಲು ನೋಡೋದಕ್ಕೆ ಇನ್ನೊಂದು ಕಾರಣವಿದೆ. ಟಿ-ಮೊಬೈಲ್ ಅನ್ನೋ ಅಮೆರಿಕದ ಕಂಪನಿಯ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಲಾಕ್ ತೆಗೆಯೋದಕ್ಕೇ ಡಿವೈಸ್ ಅನ್‌ಲಾಕ್ ಅಂತ ಒಂದು ಆಪ್ ಇರುತ್ತದೆ. ಕಸ ಅಂತ ಅದನ್ನೇ ಮೊದಲು ಕಿತ್ತು ಹಾಕಿದರೆ ಕೆಲಸ ಕೆಟ್ಟಿತು.

ಮಾಸ್ತರರ ಫೋನಿಗೆ ಲಾಕ್ ಇರಲಿಲ್ಲ. ಕೇಬಲ್ ಹಾಕಿದೆ. ಕೇಬಲ್ ಡೇಟಾ ಹೋಗುವಂಥದ್ದೇ ಇರಬೇಕು, ಬಸ್ ಸ್ಟ್ಯಾಂಡ್ ಹತ್ತಿರ ಸಿಗೋ ಅಗ್ಗದ ಕೇಬಲ್‌ಗಳಲ್ಲಿ ಬರೀ ಚಾರ್ಜ್ ಹೋಗುತ್ತದೆ. ಅಬೌಟ್ ಫೋನ್ ಒಳಗೆ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಫೋನಿನ ಪರದೆ ಮೇಲೆ ಬರೋ ಅನುಮತಿಗೆ ಒಪ್ಪಿಗೆ ಕೊಟ್ಟರೆ ಕಂಪ್ಯೂಟರ್‌ನಲ್ಲಿ ಎಡಿಬಿ ಕೆಲಸ ಶುರು. ಎಡಿಬಿ ಅಂದರೆ ಕಂಪ್ಯೂಟರ್‌ನಿಂದ ಫೋನಿಗೆ ಕಮಾಂಡ್ ಕೊಡೋಕೆ ಗೂಗಲ್ಲೇ ಪುಕ್ಕಟೆ ಕೊಡೋ ಸಾಧನ. ಫೋನ್ ರೂಟ್ ಮಾಡಬೇಕಿಲ್ಲ, ಅಂದರೆ ಸಾಫ್ಟ್‌ವೇರ್‌ನ ಪೂರ್ತಿ ಹಿಡಿತ ಸಿಗೋ ಹಾಗೆ ಅದರ ಕಾವಲು ಮುರಿಯಬೇಕಿಲ್ಲ.

ಇಲ್ಲಿ ಎಲ್ಲರೂ ಮಾಡೋದು ಒಂದೇ. ಅಂತರ್ಜಾಲದಲ್ಲಿ ಯಾರೋ ಹಾಕಿದ ದೊಡ್ಡ ಪಟ್ಟಿ ತಂದು, ಅದರಲ್ಲಿರೋದನ್ನೆಲ್ಲ ಅಳಿಸಿಬಿಡ್ತಾರೆ. ನಾನು ಹಾಗೆ ಮಾಡೋದಿಲ್ಲ. ಮೊದಲು ಪ್ಯಾಕೇಜ್‌ಗಳ (ಫೋನಿನ ಲೆಕ್ಕದಲ್ಲಿ ಒಂದೊಂದು ಆಪ್ ಒಂದೊಂದು ಪ್ಯಾಕೇಜ್) ಪಟ್ಟಿ ತೆಗೆಸ್ತೀನಿ, ಆದರೆ ಕಮಾಂಡ್‌ನ ಕೊನೆಗೆ ಒಂದು ಅಡ್ಡಗೀಟು ಹಾಕಿ ಇಂಗ್ಲಿಷಿನ ಐ ಅಕ್ಷರ (-i) ಸೇರಿಸ್ತೀನಿ. ಈ ಒಂದು ಅಕ್ಷರ ಬಹಳ ಕೆಲಸದ್ದು. ಆಪ್ ಹೆಸರಿನ ಮುಂದೆ, ಅದನ್ನು ಫೋನಿಗೆ ತಂದು ಹಾಕಿದವರು ಯಾರು ಅಂತಲೂ ತೋರಿಸುತ್ತದೆ. ನಾವೇ ಪ್ಲೇ ಸ್ಟೋರ್‌ನಿಂದ ಹಾಕಿದ್ದಾದರೆ ಅದರ ಮುಂದೆ 'ಆಂಡ್ರಾಯ್ಡ್ ಡಾಟ್ ವೆಂಡಿಂಗ್' ಅಂತ ಬರುತ್ತದೆ. ವೆಂಡಿಂಗ್ ಅಂದರೆ ಪ್ಲೇ ಸ್ಟೋರೇ. ಕಾರ್ಖಾನೆಯಿಂದಲೇ ಬಂದದ್ದಾದರೆ ಸಾಮಾನ್ಯವಾಗಿ 'ನಲ್', ಅಂದರೆ ಯಾರೂ ಇಲ್ಲ ಅಂತಿರುತ್ತದೆ.

ಮಾಸ್ತರರ ಫೋನಿನಲ್ಲಿ ಇಸ್ಪೀಟ್ ಆಟ, ಹಣ್ಣು ಕತ್ತರಿಸೋ ಆಟ, ಅಮೆರಿಕದ ಯಾವುದೋ ಶಾಪಿಂಗ್ ಆಪ್, ಇವುಗಳ ಮುಂದೆ ವೆಂಡಿಂಗ್ ಇರಲಿಲ್ಲ. ಎಲ್ಲದರ ಮುಂದೆಯೂ ಒಂದೇ ಒಂದು ಬೇರೆ ಹೆಸರು. ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಅದರ ಹೆಸರು 'ಮೊಬೈಲ್ ಸರ್ವಿಸಸ್ ಮ್ಯಾನೇಜರ್'. ಎಷ್ಟು ಸಭ್ಯವಾದ ಹೆಸರು ನೋಡಿ! ಚಿತ್ರ ಇಲ್ಲ, ಹೋಮ್ ಸ್ಕ್ರೀನ್ ಮೇಲೆ ಐಕಾನ್ ಇಲ್ಲ. ಅಳಿಸಬೇಕು ಅಂತ ಯಾರಿಗೂ ಅನ್ನಿಸೋದೇ ಇಲ್ಲ. ಆಪ್ ಕಂಪನಿಗಳಿಂದ ದುಡ್ಡು ತಗೊಂಡು, ಗ್ರಾಹಕರನ್ನು ಕೇಳದೆ ಆಪ್ ತಂದು ಹಾಕೋದೇ ಇಂಥವುಗಳ ಕೆಲಸ. 2014ರಲ್ಲೇ ಅಮೆರಿಕದಲ್ಲಿ ಡಿಟಿ ಇಗ್ನೈಟ್ ಎಂಬ ಸಾಫ್ಟ್‌ವೇರ್ ಬಗ್ಗೆ ಇದೇ ಗಲಾಟೆ ಆಗಿತ್ತು.

ಆಟಗಳನ್ನು ಅಳಿಸ್ತಾ ಕೂತರೆ ಪ್ರಯೋಜನ ಇಲ್ಲ, ಆಟ ತರೋನನ್ನು ಮೊದಲು ನಿಲ್ಲಿಸಬೇಕು. ಈ ಕೆಲಸದಲ್ಲಿ ನಾನು ಹಿಡಿದುಕೊಂಡಿರೋದು ಇದೊಂದನ್ನೇ. ಕಣ್ಣಿಗೆ ಕಾಣೋ ಆಪ್‌ಗಳಿಂದ ಅಂಥ ಹಾನಿ ಇಲ್ಲ, ಅವು ಸುಮ್ನೆ ಬಿದ್ದಿರುತ್ತವೆ. ಕಾಣದೆ ಕೆಲಸ ಮಾಡೋವೇ ಬ್ಯಾಟರಿ, ಡೇಟಾ ಎರಡನ್ನೂ ತಿನ್ನೋದು. ಅಷ್ಟೇ ಅಲ್ಲ. 2011ರಲ್ಲಿ ಟ್ರೆವರ್ ಎಕಾರ್ಟ್ ಅನ್ನೋ ಹುಡುಗ ಕ್ಯಾರಿಯರ್ ಐಕ್ಯು ಎಂಬ ಸಾಫ್ಟ್‌ವೇರ್ ಫೋನಿನೊಳಗೆ ಅಡಗಿ ಏನೇನು ಗಮನಿಸುತ್ತದೆ ಅಂತ ವಿಡಿಯೋ ಮಾಡಿ ತೋರಿಸಿದ್ದ. ನೆಟ್‌ವರ್ಕ್ ಗುಣಮಟ್ಟ ಅಳೆಯೋದಕ್ಕೆ ಅಂತ ಕಂಪನಿಗಳೇ ಅದನ್ನು ಹಾಕಿಸಿದ್ದವು.

ತೆಗೆಯೋದರಲ್ಲೂ ಒಂದು ಕ್ರಮ ಇದೆ. ನಾನು ನೇರವಾಗಿ ಅನ್‌ಇನ್‌ಸ್ಟಾಲ್‌ಗೆ ಹೋಗಲ್ಲ. ಮೊದಲು ಡಿಸೇಬಲ್ ಯೂಸರ್ ಕಮಾಂಡ್ ಕೊಟ್ಟು ನಿಲ್ಲಿಸ್ತೀನಿ. ಫೋನು ಮನೆಗೆ ಹೋಗಲಿ, ಕರೆ, ಮೆಸೇಜು, ಫೋನ್‌ಪೇ ಎಲ್ಲ ಸರಿಯಾಗಿ ನಡೀಲಿ. ಆಮೇಲೆ ಬಂದಾಗ ಯೂಸರ್ 0 ಅಂತ ಸೇರಿಸಿ ಅನ್‌ಇನ್‌ಸ್ಟಾಲ್ ಮಾಡ್ತೀನಿ. ಯೂಸರ್ 0 ಅಂದರೆ ಫೋನಿನ ಮುಖ್ಯ ಬಳಕೆದಾರ. ಅವನ ಪಾಲಿಗೆ ಮಾತ್ರ ಆಪ್ ಹೋಗುತ್ತದೆ. ಬೇಕಾದರೆ ಇನ್‌ಸ್ಟಾಲ್ ಎಕ್ಸಿಸ್ಟಿಂಗ್ ಅನ್ನೋ ಕಮಾಂಡ್‌ನಿಂದ ವಾಪಸ್ ತರಬಹುದು.

ಇಲ್ಲಿ ಎಲ್ಲರೂ ಕೇಳೋ ಪ್ರಶ್ನೆ: ಇಷ್ಟು ತೆಗೆದರೂ ಜಾಗ ಯಾಕೆ ಜಾಸ್ತಿ ಆಗಿಲ್ಲ? ಬಾಡಿಗೆ ಮನೆಯಲ್ಲಿ ಮಾಲೀಕ ಒಂದು ಕೋಣೆಗೆ ತನ್ನ ಸಾಮಾನು ತುಂಬಿ ಬೀಗ ಹಾಕಿಟ್ಟ ಹಾಗೆ ಅದು. ಆಪ್‌ನ ಮೂಲ ಪ್ರತಿ ಸಿಸ್ಟಂ ಭಾಗದಲ್ಲಿರುತ್ತದೆ, ಅಲ್ಲಿ ನಮಗೆ ಬರೆಯೋ ಹಕ್ಕಿಲ್ಲ. ಅಪ್‌ಡೇಟ್ ಆಗಿ ಬೆಳೆದಿದ್ದ ಭಾಗ ಮತ್ತು ಡೇಟಾ ಮಾತ್ರ ಖಾಲಿಯಾಗುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಅಷ್ಟೂ ವಾಪಸ್.

ಮಾಸ್ತರರ ಫೋನಿನಿಂದ ತೆಗೆದದ್ದು ಇವು: ಆ ಮ್ಯಾನೇಜರ್, ಅದು ತಂದ ಆಟಗಳು, ಕಂಪನಿಯ ಕ್ಲೌಡ್, ಕಂಪನಿಯ ವಾಯ್ಸ್‌ಮೇಲ್, ದುಡ್ಡು ಕೇಳೋ ಕಾಲರ್ ಐಡಿ, ಬಿಲ್ ಕಟ್ಟೋ ಆಪ್, ಫೇಸ್‌ಬುಕ್‌ನ ಹಿಂದೆ ಅಡಗಿರೋ ಮೂರು ಸಹಾಯಕ ಪ್ಯಾಕೇಜ್‌ಗಳು. ಫೇಸ್‌ಬುಕ್ ಅಳಿಸಿದರೂ ಈ ಮೂರು ಉಳಿದಿರುತ್ತವೆ. ಮುಟ್ಟದೆ ಬಿಟ್ಟದ್ದು: ಐಎಂಎಸ್ ಅಂತ ಹೆಸರಲ್ಲಿ ಇರೋದು, ಟೆಲಿಫೋನಿ, ಕ್ಯಾರಿಯರ್ ಕಾನ್ಫಿಗ್, ಸಿಮ್ ಟೂಲ್‌ಕಿಟ್. ಐಎಂಎಸ್ ಹೋದರೆ 4ಜಿ ಕರೆ, ವೈಫೈ ಕರೆ ಎರಡೂ ಹೋಗುತ್ತವೆ. ಹೆಸರಲ್ಲಿ ಕ್ಯಾರಿಯರ್ ಅಂತ ಇದ್ದ ಮಾತ್ರಕ್ಕೆ ಕಸ ಅಂದುಕೊಳ್ಳಬಾರದು.

ಕಪ್ಪು ಪರದೆಯಲ್ಲಿ ಕಮಾಂಡ್ ಬರೆಯೋಕೆ ಬೇಜಾರಾದರೆ ಯೂನಿವರ್ಸಲ್ ಆಂಡ್ರಾಯ್ಡ್ ಡಿಬ್ಲೋಟರ್ ಅಂತ ಪುಕ್ಕಟೆ ಸಾಧನ ಇದೆ. ಪ್ರತಿ ಪ್ಯಾಕೇಜ್‌ನ ಕೆಲಸ ಏನು, ತೆಗೆದರೆ ಅಪಾಯ ಎಷ್ಟು ಅಂತ ದರ್ಜೆ ಹಾಕಿ ತೋರಿಸುತ್ತದೆ. ಅನ್‌ಸೇಫ್ ಅಂತ ಇದ್ದರೆ ಕೈ ಹಚ್ಚಬೇಡಿ. ಕಂಪ್ಯೂಟರ್ ಇಲ್ಲದವರು ಶಿಝುಕು, ಕ್ಯಾಂಟಾ ಎಂಬ ಎರಡು ಆಪ್ ಹಾಕಿಕೊಂಡು ಫೋನಿನಲ್ಲೇ ಮಾಡಬಹುದು. ಆಂಡ್ರಾಯ್ಡ್ 11ರಿಂದ ವೈಫೈ ಮೇಲೇ ಡೀಬಗಿಂಗ್ ಬಂದಿರೋದರಿಂದ ಇದು ಸುಲಭ.

ಇಷ್ಟಾದರೂ ಲೋಗೋ ಹೋಗಲಿಲ್ಲ. ಫೋನ್ ಆನ್ ಆಗುವಾಗ ಕಂಪನಿಯ ಬಣ್ಣ ಕುಣಿಯೋದು ಸಾಫ್ಟ್‌ವೇರ್‌ನ ಬುಡದಿಂದ. ಅದಕ್ಕೆ ಇಡೀ ಸಾಫ್ಟ್‌ವೇರ್ ಬದಲಾಯಿಸಬೇಕು. ಅಮೆರಿಕದಲ್ಲಿ ಕಂಪನಿಗಳ ಮೂಲಕ ಮಾರೋ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಸರಣಿಯ ಮಾಡೆಲ್ ನಂಬರಿನ ಕೊನೆಗೆ ಯು ಇರುತ್ತದೆ. ಯಾವ ಕಂಪನಿಗೂ ಸೇರದ ಅನ್‌ಲಾಕ್ಡ್ ಮಾಡೆಲ್‌ಗೆ ಯು1. ಯಂತ್ರ ಎರಡೂ ಒಂದೇ. ಹಾಗಾಗಿ ಯು ಫೋನಿಗೆ ಯು1ನ ಅಸಲಿ ಸಾಫ್ಟ್‌ವೇರನ್ನು ಓಡಿನ್ ಎಂಬ ಸಾಧನದಿಂದ ಹಾಕಬಹುದು, ಸಾಮಾನ್ಯವಾಗಿ ತಿದ್ದಿದ ಓಡಿನ್ ಬೇಕಾಗುತ್ತದೆ. ಭಾರತದ ಮಾಡೆಲ್‌ನ ಸಾಫ್ಟ್‌ವೇರ್ ಮಾತ್ರ ಹಾಕೋಕಾಗಲ್ಲ. "ಇಂಡಿಯಾದ್ದು ಹಾಕ್ರಿ" ಅಂತ ಹಠ ಹಿಡಿಯೋರಿದ್ದಾರೆ, ಫೋನನ್ನು ಎಬ್ಬಿಸೋ ಬೂಟ್‌ಲೋಡರೇ ಬೇರೆ, ಎಷ್ಟೋ ಮಾಡೆಲ್‌ಗಳಲ್ಲಿ ಚಿಪ್ಪೂ ಬೇರೆ ಅಂದರೂ ನಂಬಲ್ಲ.

ಇದನ್ನು ಮಾಡೋ ಮೊದಲು ಫೋನಿನಲ್ಲಿರೋ ಗೂಗಲ್ ಅಕೌಂಟ್ ಸೆಟ್ಟಿಂಗ್ಸ್‌ನಿಂದಲೇ ತೆಗೀಬೇಕು. ಇಲ್ಲದಿದ್ದರೆ ಎಲ್ಲ ಅಳಿಸಿಹೋದ ಮೇಲೆ ಹಳೇ ಅಕೌಂಟಿನ ಪಾಸ್‌ವರ್ಡ್ ಕೇಳುತ್ತದೆ. ಅದು ಗೊತ್ತಿರೋ ಮಗಳು ಅಲ್ಲಿ ನಡುರಾತ್ರಿ ನಿದ್ದೆಯಲ್ಲಿರ್ತಾಳೆ. ಸಾಫ್ಟ್‌ವೇರ್‌ನ ಬೈನರಿ ಅಂಕಿಯನ್ನೂ ನೋಡಬೇಕು. ಫೋನಿನಲ್ಲಿರೋದಕ್ಕಿಂತ ಕಡಿಮೆ ಅಂಕಿಯದ್ದು ಕೂರೋದಿಲ್ಲ. ಅಸಲಿ ಸಾಫ್ಟ್‌ವೇರ್ ಆದ್ದರಿಂದ ನಾಕ್ಸ್ ಅನ್ನೋ ಸ್ಯಾಮ್‌ಸಂಗ್‌ನ ಭದ್ರತಾ ಕಾವಲು ಮುರಿಯಲ್ಲ, ಬ್ಯಾಂಕ್ ಆಪ್‌ಗಳು ತಕರಾರು ಮಾಡಲ್ಲ. ರೂಟ್ ಮಾಡಿದರೆ ಆ ಭಾಗ್ಯ ಇಲ್ಲ.

ಬರೀ ಲೋಗೋಕ್ಕಾಗಿ ನಾನು ಇದನ್ನು ಮಾಡೋದಿಲ್ಲ. ಕಂಪನಿ ಸಾಫ್ಟ್‌ವೇರ್ ಹಾಟ್‌ಸ್ಪಾಟ್ ತಡೆದಿದ್ದರೆ ಮಾಡ್ತೀನಿ. ನಮ್ಮ ಸಿಮ್ ಹಾಕಿದ್ದರೂ ಅದು ಅಮೆರಿಕದ ಪ್ಲಾನ್ ಇದೆಯಾ ಅಂತ ಕೇಳಿ ನಿಂತುಬಿಡುತ್ತದೆ. ಮಾಸ್ತರರಿಗೆ ಹಾಟ್‌ಸ್ಪಾಟ್ ಬೇಕಿರಲಿಲ್ಲ. "ಇರಲಿ ಬಿಡು, ಮಗಳ ಫೋನು ಅಂತ ಗೊತ್ತಾಗತೈತಿ" ಅಂದರು. ಅವರಿಗೆ ಬೇಕಾದ್ದು ಕರೆ. ಜಿಯೋಗೆ 2ಜಿ, 3ಜಿ ಇಲ್ಲ, ಕರೆ ಹೋಗೋದೇ 4ಜಿ, 5ಜಿ ಮೇಲೆ. ಅಮೆರಿಕದ ಕಂಪನಿ ಫೋನ್‌ಗಳಲ್ಲಿ ನಮ್ಮ ಕಂಪನಿಗಳ ವೋಲ್ಟಿ (4ಜಿ ಮೇಲೆ ಕರೆ) ಸೆಟ್ಟಿಂಗ್ ಎಷ್ಟೋ ಸಲ ಇರೋದೇ ಇಲ್ಲ. ನೆಟ್ ಬರುತ್ತದೆ, ಕರೆ ಬರಲ್ಲ. ಅಂಥವರು ಕರೆಗೆ ಏರ್‌ಟೆಲ್, ವಿಐ ಅಥವಾ ಬಿಎಸ್‌ಎನ್‌ಎಲ್ ಸಿಮ್ ಇಟ್ಟುಕೊಂಡರೆ 2ಜಿ ಮೇಲಾದರೂ ಮಾತಾಡಬಹುದು. ಮಾಸ್ತರರ ನಂಬರ್ ಬಿಎಸ್‌ಎನ್‌ಎಲ್‌ನದು, ಆ ಸಮಸ್ಯೆ ಬರಲಿಲ್ಲ.

ನಮ್ಮಲ್ಲಿ ಕಾಂಟ್ರ್ಯಾಕ್ಟ್ ಫೋನು ಇಲ್ಲ ಅಂದುಕೊಳ್ಳೋರು ಇಎಂಐ ಫೋನ್ ನೋಡಬೇಕು. ಫೈನಾನ್ಸ್ ಮೇಲೆ ತಗೊಂಡ ಕೆಲವು ಫೋನ್‌ಗಳಲ್ಲಿ ಲಾಕ್ ಮಾಡೋ ಆಪ್ ಕೂತಿರುತ್ತದೆ, ಕಂತು ತಪ್ಪಿದರೆ ಪರದೆ ಮುಚ್ಚುತ್ತದೆ. ಅದನ್ನು ತೆಗೆದುಕೊಡಿ ಅಂತ ಬರೋರಿಗೆ ಆಗಲ್ಲ ಅಂತೀನಿ. ಸಾಲ ತೀರದ ಫೋನಿಗೆ ನಾನು ಕೈ ಹಚ್ಚೋದಿಲ್ಲ. ಕೊನೇ ಕಂತು ಕಟ್ಟಿದ ದಿನವೇ ಸಾಲ ತೀರಿದೆ ಅನ್ನೋ ಪತ್ರ (ಎನ್‌ಒಸಿ) ತಗೊಂಡು, ಆ ಆಪ್ ಅವರಿಂದಲೇ ತೆಗೆಸಿ ಅಂತ ಮಾತ್ರ ಹೇಳ್ತೀನಿ. ಪ್ರತಿ ಫೋನಿಗೂ ಇರೋ ಗುರುತಿನ ಸಂಖ್ಯೆ, ಅಂದರೆ ಐಎಂಇಐ ಬದಲಾಯಿಸಿ ಅನ್ನೋರೂ ಬರ್ತಾರೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಅಂಥವರಿಗೆ ಕೂರಿ ಅಂತಲೂ ಹೇಳಲ್ಲ.

ಇಲ್ಲೇ ಕೊಂಡ ಅಗ್ಗದ ಫೋನ್‌ಗಳಿಗೂ ಆ ಐ ಅಕ್ಷರದ ಪಟ್ಟಿ ಅಷ್ಟೇ ಕೆಲಸಕ್ಕೆ ಬರುತ್ತದೆ. ಪ್ಲೇ ಸ್ಟೋರ್ ಬಿಟ್ಟು ಬೇರೆ ಯಾರು ಆಪ್ ತಂದಿದ್ದಾರೆ ನೋಡಿದರೆ ಅರ್ಧ ಕೆಲಸ ಮುಗೀತು.

ದೊಡ್ಡ ಅಪ್‌ಡೇಟ್ ಬಂದ ಮೇಲೆ ಕೆಲವು ಆಪ್ ವಾಪಸ್ ಬರೋದುಂಟು. ಅದಕ್ಕೆ ತೆಗೆದ ಪ್ಯಾಕೇಜ್‌ಗಳ ಪಟ್ಟಿಯನ್ನು ಗಿರಾಕಿಯ ಹೆಸರಲ್ಲಿ ನನ್ನ ಕಂಪ್ಯೂಟರ್‌ನಲ್ಲಿ ಇಟ್ಟಿರ್ತೀನಿ. ಅದರ ಒಂದು ಪ್ರತಿಯನ್ನು ವಾಟ್ಸಾಪ್‌ನಲ್ಲಿ ಅವರ ಮಕ್ಕಳಿಗೂ ಕಳಿಸ್ತೀನಿ. ಮಾಸ್ತರರ ಫೋನಿಗೆ ಅಪ್‌ಡೇಟ್ ಬಂದಾಗ ಕ್ಲೌಡ್ ಮತ್ತು ಕಾಲರ್ ಐಡಿ ಮತ್ತೆ ಬಂದು ಕೂತಿದ್ದವು, ಆಟ ತರೋ ಮ್ಯಾನೇಜರ್ ಬಂದಿರಲಿಲ್ಲ. ಎರಡನ್ನೂ ತೆಗೆದೆ. ಈ ಸಲ ದುಡ್ಡು ತಗೊಳ್ಳಲಿಲ್ಲ.