ಅರ್ಧ ಮಿಲಿಮೀಟರ್ ತೂತು: ಕರೆಂಟಿಗಿಂತ ಮೊದಲು ನೀರು ನೋಡಿ

ಪೀಣ್ಯದಲ್ಲಿ ನಮ್ಮದು ಜಾಬ್‌ವರ್ಕ್ ಶೆಡ್ಡು. ಡೈ (ಲೋಹದ ಅಚ್ಚು) ಮಾಡುವವರು ಹಾರ್ಡನ್ ಆದ ಡಿ2 ಅನ್ನುವ ಟೂಲ್ ಸ್ಟೀಲ್ ಪ್ಲೇಟ್ ಹೊತ್ತು ತಂದು, ‘ವೈರ್‌ಕಟ್‌ಗೆ ಒಂದು ಸ್ಟಾರ್ಟ್ ಹೋಲ್ ಹಾಕ್ಕೊಡಿ’ ಅಂತಾರೆ; ಅಂದರೆ ಸ್ಪಾರ್ಕಿನಿಂದ ಕತ್ತರಿಸುವ ತಂತಿ ಪೋಣಿಸಲು ಮೊದಲ ತೂತು. 60 ಎಚ್‌ಆರ್‌ಸಿ ಗಡಸುತನದ ಉಕ್ಕಿನ ಮೇಲೆ ಮಾಮೂಲಿ ಡ್ರಿಲ್ ಬಿಟ್ ಬರೀ ಉಜ್ಜುತ್ತೆ. ನಮ್ಮ ಇಡಿಎಂ ಡ್ರಿಲ್ ಕೊರೆಯುವುದು ಕರೆಂಟಿನ ಸ್ಪಾರ್ಕಿನಿಂದ. ಸ್ಪಾರ್ಕಿಗೆ ಗಡಸುತನದ ಹಂಗಿಲ್ಲ, ಲೋಹದಲ್ಲಿ ಕರೆಂಟ್ ಹರಿದರೆ ಸಾಕು.

ಇಡಿಎಂ ಡ್ರಿಲ್‌ನಲ್ಲಿ ಟೂಲ್ ಅಂದರೆ ಸಣ್ಣ ಹಿತ್ತಾಳೆ ಟ್ಯೂಬು. ಜಾಬ್ (ಕೊರೆಯುವ ತುಂಡು) ಕಾರ್ಬೈಡಿನದಾದರೆ ತಾಮ್ರದ್ದು ಹಾಕಿ. ಟ್ಯೂಬು ತಿರುಗುತ್ತಲೇ ಇಳಿಯುತ್ತೆ, ಅದರ ಒಳಗಿಂದ ಹೈ ಪ್ರೆಷರ್‌ನಲ್ಲಿ ಡೀಅಯಾನೈಸ್ಡ್ (ಲವಣ ತೆಗೆದ) ನೀರು ಬರುತ್ತೆ. ಸುತ್ತಲೂ ಸ್ಪಾರ್ಕ್ ಗ್ಯಾಪ್ ಇರುವುದರಿಂದ ತೂತು ಟ್ಯೂಬಿಗಿಂತ ದೊಡ್ಡದಾಗುತ್ತೆ. 0.6 ಮಿ.ಮೀ. ತೂತು ಬೇಕಿದ್ದರೆ 0.5 ಮಿ.ಮೀ. ಟ್ಯೂಬು ಹಿಡಿದು, ಮೊದಲು ಅದೇ ಮೆಟೀರಿಯಲ್‌ನ ಸ್ಕ್ರ್ಯಾಪ್ ತುಂಡಿನಲ್ಲಿ ಹಾಕಿ ಅಳೆಯಿರಿ.

ಟ್ಯೂಬ್ ಕಟ್ಟಿದ ಮೇಲೆ, ಸ್ಪಾರ್ಕ್ ಶುರು ಮಾಡುವ ಮುಂಚೆ ತುದಿಯಿಂದ ನೀರು ನೇರ ಗೆರೆಯಾಗಿ ಬರುತ್ತಿದೆಯಾ ನೋಡಿ. ವಾರೆಯಾಗಿ ಚಿಮ್ಮಿದರೆ ಆ ತುದಿ ಕತ್ತರಿಸಿ ಬಿಸಾಕಿ. ಟ್ಯೂಬನ್ನು ನೇರ ಹಿಡಿಯುವ ಗೈಡನ್ನು ಜಾಬ್‌ಗೆ ಒಂದೆರಡು ಮಿ.ಮೀ. ಹತ್ತಿರ ತನ್ನಿ, ಮೇಲಿದ್ದರೆ ಟ್ಯೂಬ್ ಓಲಾಡುತ್ತೆ, ತೂತಿನ ಬಾಯಿ ಅಗಲವಾಗುತ್ತೆ. ಇಳಿಜಾರು ಮೇಲ್ಮೈಯಾದರೆ ಕಚ್ಚಿಕೊಳ್ಳುವವರೆಗೆ ಕರೆಂಟ್ ಕಡಿಮೆ ಇಡಿ. ಸ್ಪಾರ್ಕ್ ಓಡುವಾಗ ಟ್ಯೂಬ್ ಮುಟ್ಟಲೇಬೇಡಿ.

ಹೊಸ ಹುಡುಗರು ಡಿಸ್‌ಪ್ಲೇಯಲ್ಲಿ ಟ್ಯೂಬ್ ಎಷ್ಟು ಇಳಿಯಿತೆಂದು ತೋರಿಸುವ ಝಡ್ ಅಂಕಿ ನೋಡಿ ‘ಆಳ ಬಂತು’ ಅಂತಾರೆ. ಬಂದಿರಲ್ಲ. ಟ್ಯೂಬ್ ಕೂಡ ಸವೆಯುತ್ತೆ, ಕೆಲವೊಮ್ಮೆ ತೂತಿನ ಆಳದಷ್ಟೇ. ಆರ್‌ಪಾರ್ ತೂತಾದರೆ ತಲೆನೋವಿಲ್ಲ. ಅರ್ಧಕ್ಕೆ ನಿಲ್ಲಿಸುವ ತೂತಿಗೆ ಸವೆತವನ್ನೂ ಲೆಕ್ಕ ಹಾಕಬೇಕು, ಜೊತೆಗೆ ಮಲ್ಟಿಚಾನಲ್ (ಒಳಗೆ ಹಲವು ರಂಧ್ರಗಳಿರುವ) ಟ್ಯೂಬ್ ಬೇಕು. ಒಂಟಿ ರಂಧ್ರದ ಟ್ಯೂಬ್ ಹಾಕಿದರೆ ನಡುವೆ ಕಡ್ಡಿಯಂಥ ಕೋರ್ ಉಳಿದುಬಿಡುತ್ತೆ. ತೂತಿನೊಳಗೆ ಮುರಿದ ಟ್ಯಾಪ್ (ಥ್ರೆಡ್ ಹಾಕುವ ಟೂಲ್) ತೆಗೆಯುವವರಿಗೂ ಇದೇ ಮಾತು.

ನಿಜವಾದ ಪರೀಕ್ಷೆ ಕೆಳಗೆ ತೂತು ಬೀಳುವ ಗಳಿಗೆಯಲ್ಲಿ. ಅಲ್ಲಿವರೆಗೆ ಕರಗಿದ ಲೋಹದ ಪುಡಿಯನ್ನು ಹೊತ್ತು ಮೇಲೆ ಬರುತ್ತಿದ್ದ ನೀರು ತಟ್ಟನೆ ಕೆಳಕ್ಕೆ ಸೋರಿಹೋಗುತ್ತೆ. ಗ್ಯಾಪಿನಲ್ಲಿ ಪುಡಿ ನಿಲ್ಲುತ್ತೆ, ಶಾರ್ಟ್ ಆಗುತ್ತೆ, ಟ್ಯೂಬ್ ಹಿಂದೆ ಮುಂದೆ ಜಗ್ಗಾಡುತ್ತೆ. ಸದ್ದು ಬದಲಾಗುವುದು ನನ್ನ ಕಿವಿಗೆ ಮೀಟರಿಗಿಂತ ಮೊದಲೇ ಗೊತ್ತಾಗುತ್ತೆ. ಆಗ ಫೀಡ್ (ಟ್ಯೂಬ್ ಇಳಿಯುವ ವೇಗ) ತಗ್ಗಿಸಿ, ಅವಸರ ಬೇಡ. ಕೆಳಗೊಂದು ವೇಸ್ಟ್ ಪ್ಲೇಟನ್ನು ಸಂದಿಲ್ಲದಂತೆ ಕ್ಲಾಂಪ್ ಮಾಡಿದ್ದರೆ ನೀರು ಮೇಲೇ ಬರುತ್ತಿರುತ್ತೆ, ಜಗ್ಗಾಟವೂ ತಪ್ಪುತ್ತೆ. ಕೆಳಬಾಯಿ ಪೂರ್ತಿ ತೆರೆಯಲು ಟ್ಯೂಬನ್ನು ಇನ್ನಷ್ಟು ಮುಂದಕ್ಕೆ ಬಿಡಿ, ಇಲ್ಲದಿದ್ದರೆ ಅಲ್ಲಿ ತೂತು ಕಿರಿದಾಗಿ ಉಳಿಯುತ್ತೆ.

ಕೊನೆಗೆ ಪಿನ್ ಗೇಜ್ (ತೂತಿನ ಅಳತೆ ನೋಡುವ ಕಡ್ಡಿ) ಹಾಕಿ ನೋಡಿ. ಗೋಡೆಗೆ ಕರಗಿ ಗಟ್ಟಿಯಾದ ತೆಳು ಪದರ ಅಂಟಿರುತ್ತೆ. ಸ್ಟಾರ್ಟ್ ಹೋಲ್‌ನಲ್ಲಿ ಅದರ ಚಿಂತೆ ಬೇಡ, ತೂತಿರುವ ಜಾಗವನ್ನೇ ವೈರ್ ಕತ್ತರಿಸಿ ತೆಗೆಯುತ್ತೆ. ನಾಝಲ್‌ನಂಥ ಜಾಬ್ ಆದರೆ ಲ್ಯಾಪಿಂಗ್ (ಪೇಸ್ಟ್ ಹಾಕಿ ಉಜ್ಜಿ ನಯ ಮಾಡುವುದು) ಮಾಡಲೇಬೇಕು; ಅದರ ಖರ್ಚನ್ನು ಮೊದಲೇ ಕೊಟೇಶನ್‌ನಲ್ಲಿ ಸೇರಿಸಿ.